ತಾತನ ಹಲ್ಲಿನ ಸೆಟ್ಟು

ಹಲ್ಲಿನ ಡಾಕ್ಟರ್ ಓದು, ಅಂದರೆ ಬಿಡಿಎಸ್, ಕೊನೆಯ ವರ್ಷದ ಆ ಆರು ತಿಂಗಳು ನನ್ನ ತಲೆ ತುಂಬ ಲೆಕ್ಕವೇ ಇತ್ತು. ಎಷ್ಟು ಹಲ್ಲು ಕಿತ್ತಾಯ್ತು, ಎಷ್ಟು ಫಿಲ್ಲಿಂಗ್ ಬಾಕಿ, ರೂಟ್ ಕೆನಾಲ್‌ಗೆ ಪೇಷೆಂಟ್ ಸಿಗ್ತಾರಾ. ಇಷ್ಟು ಕೇಸ್ ಮಾಡಲೇಬೇಕು ಅನ್ನುವ ಕೋಟಾ ಮುಗಿಯದೆ ಪರೀಕ್ಷೆಗೆ ಕೂರೋದು ಹೇಗೆ ಅನ್ನುವ ಭಯ.

ಪೂರ್ತಿ ಹಲ್ಲಿನ ಸೆಟ್ಟಿಗೆ ನನಗೆ ಸಿಕ್ಕವರು ಪಾವಗಡ ಕಡೆಯ ಒಬ್ಬ ತಾತ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಸೆಟ್ಟು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಮೊದಲ ಸಲ ವಸಡಿನ ಅಚ್ಚು. ಎರಡನೇ ಸಲ ಅವರ ಅಳತೆಗೇ ಮಾಡಿದ ಟ್ರೇ ಇಟ್ಟು, ಅದರ ಅಂಚನ್ನು ಬಿಸಿಗೆ ಮೆತ್ತಗಾಗುವ ಗ್ರೀನ್ ಸ್ಟಿಕ್ ಅನ್ನುವ ಕಡ್ಡಿ ಕಾಯಿಸಿ ತಿದ್ದಿ, ಇನ್ನೂ ನಿಖರವಾದ ಅಚ್ಚು. ಮೂರನೇ ಸಲ ಎರಡು ದವಡೆಯೂ ಎಷ್ಟು ಎತ್ತರದಲ್ಲಿ ಕೂಡುತ್ತವೆ ಅನ್ನುವ ಅಳತೆ. ನಾಲ್ಕನೇ ಸಲ ಮೇಣದಲ್ಲಿ ಜೋಡಿಸಿದ ಹಲ್ಲು ಹಾಕಿ ನೋಡುವುದು. ಐದನೇ ಸಲಕ್ಕೆ ಸೆಟ್ಟು ಕೈಗೆ.

ನಾಲ್ಕನೇ ಸಲ ತಾತ ಬಂದಾಗ ನನ್ನ ಕೆಲಸ ಆಗಿರಲಿಲ್ಲ. ಬೇರೆ ಕೇಸ್ ಮುಗಿಸುವ ಗಡಿಬಿಡಿಯಲ್ಲಿ ಹಲ್ಲು ಜೋಡಿಸುವುದು ಅರ್ಧಕ್ಕೇ ನಿಂತಿತ್ತು. "ತಾತ, ಇವತ್ತು ಆಗಲ್ಲ, ಮುಂದಿನ ವಾರ ಬನ್ನಿ" ಅಂದೆ. "ಆಯ್ತಮ್ಮ" ಅಂತ ಎದ್ದು ಹೋದರು. ಒಂದು ಮಾತೂ ಆಡಲಿಲ್ಲ.

ಎರಡೇ ದಿನಕ್ಕೆ ನಮ್ಮ ಶಾಲಾ ಕ್ಯಾಂಪ್ ಅದೇ ಕಡೆ ಬಿತ್ತು. ಕಾಲೇಜು ಬಸ್ಸಿನಲ್ಲೇ ಮೂರು ಗಂಟೆ ದಾರಿ. ತಾತ ಎಷ್ಟು ಬಸ್ಸು ಬದಲಿಸಿ ಬರ್ತಿದ್ದರೋ ಅಂತ ಕಿಟಕಿ ಪಕ್ಕ ಕೂತು ಯೋಚಿಸಿದೆ. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು.

ಅಲ್ಲಿನ ಮಕ್ಕಳು ಕನ್ನಡ, ತೆಲುಗು ಎರಡೂ ಬೆರೆಸಿ ಮಾತಾಡ್ತಾರೆ. ಬಾಯಿ ತೆರೆದರೆ ಒಬ್ಬರಾದ ಮೇಲೆ ಒಬ್ಬರಿಗೆ ಅದೇ ಕಂದು ಕಲೆ. ಬೋರ್‌ವೆಲ್ ನೀರಿನ ಫ್ಲೋರೈಡ್. ಲೀಟರ್ ನೀರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ನಾವು ಓದಿದ್ದು. ಮೀರಿದರೆ ಏನಾಗುತ್ತದೆ ಅನ್ನುವುದು ಅಲ್ಲಿ ಮಕ್ಕಳ ನಗುವಿನಲ್ಲೇ ಕಾಣುತ್ತಿತ್ತು. ಒಬ್ಬ ಹುಡುಗಿ ಕೈ ಅಡ್ಡ ಇಟ್ಟುಕೊಂಡೇ ಕೇಳಿದಳು, "ಅಕ್ಕಾ, ಜಾಸ್ತಿ ಉಜ್ಜಿದ್ರೆ ಹೋಗುತ್ತಾ?" ಹೋಗಲ್ಲ ಪುಟ್ಟಾ. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಅದರ ಪದರಕ್ಕೆ ಆದ ತೊಂದರೆಯಿಂದ ಬಂದ ಕಲೆ ಅದು. ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಹಲ್ಲೇ ಸವೆಯುತ್ತದೆ. ನಿನ್ನ ತಪ್ಪು ಏನೂ ಇಲ್ಲ ಅಂತ ಅವಳಿಗೆ ಎರಡು ಸಲ ಹೇಳಿದೆ. ನೀರು ಕುದಿಸಿ ಕುಡಿಸ್ತೀವಿ ಅಂತ ಕೆಲವು ತಾಯಂದಿರು ಹೇಳಿದರು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಚಿಕ್ಕ ಮಕ್ಕಳಿಗಾದರೂ ಶುದ್ಧ ನೀರಿನ ಘಟಕದ ನೀರು ಅಥವಾ ಮಳೆ ನೀರು ಕೊಡಿ ಅಂತ ಬೇಡಿಕೊಂಡೆ.

ವಾಪಸ್ ಬಂದ ರಾತ್ರಿಯೇ ಲ್ಯಾಬ್‌ನಲ್ಲಿ ಕೂತು ತಾತನ ಹಲ್ಲು ಜೋಡಿಸಿದೆ. ಸ್ಟಾಫ್‌ಗೆ ತೋರಿಸಿ, ಅವರು ಸರಿ ಅಂದ ಮೇಲೇ ತಾತನಿಗೆ ಫೋನ್ ಮಾಡಿದೆ. ಅವತ್ತಿಂದ ಯಾವ ಪೇಷೆಂಟ್‌ಗೂ ಕೆಲಸ ತಯಾರಾಗದೆ ಬನ್ನಿ ಅಂದಿಲ್ಲ. ಊರು ಯಾವುದು, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಸ್ ಶೀಟಿನ ಮೂಲೆಯಲ್ಲಿ ಬರೆದುಕೊಳ್ಳುತ್ತೇನೆ.

ಸೆಟ್ಟು ಹಾಕಿದ ದಿನ ತಾತ ಕನ್ನಡಿ ಹಿಡಿದು ತುಂಬ ಹೊತ್ತು ನೋಡಿಕೊಂಡರು. ರಾತ್ರಿ ತೆಗೆದು ನೀರಲ್ಲಿಡಿ, ಸ್ವಲ್ಪ ದಿನ ಮುದ್ದೆ, ಮೆತ್ತಗಿನ ಅನ್ನ ಅಂದೆ.

"ಕಡ್ಲೆಕಾಯಿ?"

"ಮೊದಲು ಬೇಯಿಸಿದ್ದು ತಾತ. ಎರಡೂ ಕಡೆ ಅಗಿಯಿರಿ."