ಕೊಂಬಿನದೋ, ಸೆಲ್ಯುಲಾಯ್ಡಿನದೋ? ಹಳೆ ಚಾಪ್‌ಸ್ಟಿಕ್ ಗುರುತಿಸಿ ಸರಿಪಡಿಸುವುದು ಹೇಗೆ

ಹಳೆ ಚಾಪ್‌ಸ್ಟಿಕ್ ಕೈಗೆ ಸಿಕ್ಕರೆ ಸಾಕು, ಯಾವುದರಿಂದ ಮಾಡಿದ್ದು ಅಂತ ತಿಳಿಯಲು ಜನ ಸೂಜಿ ಕಾಯಿಸಿ ಚುಚ್ಚಿ ನೋಡುತ್ತಾರೆ. ದಯವಿಟ್ಟು ಬೇಡ. ಅದು ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳಬಹುದು. ಬೇರೇನೇ ಆಗಿದ್ದರೂ ಚುಚ್ಚಿದ ಗುರುತು ಹೋಗುವುದಿಲ್ಲ.

1. ಆಕಾರ ನೋಡಿ. ಚೀನಾದ್ದು ಉದ್ದ, ತುದಿ ಮೊಂಡು, ಸಾಮಾನ್ಯವಾಗಿ ಮೇಲೆ ಚೌಕ, ಕೆಳಗೆ ದುಂಡು. ಜಪಾನಿನದು ಗಿಡ್ಡ, ತುದಿ ಚೂಪು.

2. ಯಾವುದರಿಂದ ಮಾಡಿದ್ದು ಅಂತ ಪತ್ತೆ ಮಾಡಿ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಎಮ್ಮೆ ಕೊಂಬಾದರೆ ಉದ್ದಕ್ಕೂ ಎಳೆಗಳು ಕಾಣುತ್ತವೆ, ಒಂದೊಂದೂ ಒಂದೊಂದು ದಪ್ಪ. ತುದಿಯಲ್ಲಿ ಪದರ ಎದ್ದಿರುತ್ತದೆ. ಹುಳ ತಿಂದ ಸಣ್ಣ ಕುಳಿಗಳಿದ್ದರೆ ಬಹುತೇಕ ಕೊಂಬೇ.

ದಂತದ ಹಾಗೆ ಕಾಣುವ ಸೆಲ್ಯುಲಾಯ್ಡ್‌ನಲ್ಲೂ ಗೆರೆಗಳಿರುತ್ತವೆ. ಆದರೆ ಅವು ಸ್ಕೇಲ್ ಇಟ್ಟು ಎಳೆದಷ್ಟು ನೇರ, ಸಮ. ನಿಜವಾದ ದಂತದ ಅಡ್ಡಕೊಯ್ತದಲ್ಲಿ ಗೆರೆಗಳು ಒಂದನ್ನೊಂದು ಓರೆಯಾಗಿ ದಾಟುತ್ತವೆ. ಹಾಗೆ ಕಂಡರೆ ಕೊಳ್ಳಲೇಬೇಡಿ, ಭಾರತಕ್ಕೆ ತರುವುದು ಅಪರಾಧ.

ಆಮೇಲೆ ವಾಸನೆ. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ತಿಕ್ಕಿ, ತಕ್ಷಣ ಮೂಸಿ. ಕರ್ಪೂರದ ವಾಸನೆ ಬಂತಾ? ಸೆಲ್ಯುಲಾಯ್ಡ್. ಆ ವಾಸನೆ ನಮಗೆ ದೇವರ ಮನೆಯಿಂದಲೇ ಪರಿಚಯ, ಅಲ್ವಾ? ಸೆಲ್ಯುಲಾಯ್ಡ್‌ಗೆ ಕರ್ಪೂರ ಬೇಕೇ ಬೇಕು. 1895ರಲ್ಲಿ ತೈವಾನ್ ಕೈಗೆ ಬಂದಾಗ ಅಲ್ಲಿನ ಕರ್ಪೂರದ ಮರಗಳೂ ಜಪಾನಿನ ಪಾಲಾದವು. ಮುಂದೆ ಜಪಾನ್ ಸೆಲ್ಯುಲಾಯ್ಡ್ ಸಾಮಾನಿನ ದೊಡ್ಡ ತಯಾರಕನಾಯಿತು. ಕೆಟ್ಟ ಹಾಲಿನ ವಾಸನೆಯಾದರೆ ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಪ್ಲಾಸ್ಟಿಕ್. ಕಾರ್ಬಾಲಿಕ್ ಸೋಪಿನ ವಾಸನೆಯಾದರೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಕೊಂಬಿಗೆ ವಾಸನೆ ಇದ್ದರೂ ಕೂದಲಿನದು, ಅದೂ ತೀರಾ ಸಣ್ಣಗೆ.

ತಿಕ್ಕಿದರೆ ಗೊತ್ತಾಗದಿದ್ದರೆ ಹತ್ತಿಯ ಕಡ್ಡಿಯನ್ನು ಬಿಸಿನೀರಲ್ಲಿ ಅದ್ದಿ ಒಂದೇ ಕಡೆ ಮುಟ್ಟಿಸಿ ಮೂಸಿ. ಇಡೀ ಚಾಪ್‌ಸ್ಟಿಕ್ ಅನ್ನು ನೀರಲ್ಲಿ ಮುಳುಗಿಸಬೇಡಿ. ಕೇಸೀನ್ ಉಬ್ಬಿ ಬಿರಿಯುತ್ತದೆ, ಕೊಂಬಿನ ಪದರ ಬಿಚ್ಚಿಕೊಳ್ಳುತ್ತದೆ.

ಇಷ್ಟು ಗೊತ್ತಿದ್ದರೆ ಹಾಂಗ್‌ಕಾಂಗ್‌ನ ಕ್ಯಾಟ್ ಸ್ಟ್ರೀಟ್‌ನಲ್ಲೋ ಬೀಜಿಂಗ್‌ನ ಪಾನ್‌ಜಿಯಾಯುವಾನ್ ಸಂತೆಯಲ್ಲೋ ಮೋಸ ಹೋಗುವುದಿಲ್ಲ. ಸೆಲ್ಯುಲಾಯ್ಡ್ ಮಾರುಕಟ್ಟೆಗೆ ಬಂದಿದ್ದು 1870ರ ಹೊತ್ತಿಗೆ, ಬೇಕಲೈಟ್ ಹುಟ್ಟಿದ್ದು 1907ರಲ್ಲಿ. ಕರ್ಪೂರ ಸೂಸುವ ಕಡ್ಡಿಯನ್ನು ಯಾರಾದರೂ 18ನೇ ಶತಮಾನದ್ದು ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ.

3. ಒರೆಸಿ. ಹಿಂಡಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ. ನೇಲ್ ಪಾಲಿಶ್ ರಿಮೂವರ್ ಸೆಲ್ಯುಲಾಯ್ಡನ್ನು ಕರಗಿಸುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಸಲಹೆ ಎಲ್ಲೆಲ್ಲೂ ಕಾಣುತ್ತದೆ. ಅದು ಗೀರು ಬೀಳಿಸುತ್ತದೆ, ಕೊಂಬಿನ ಬಿರುಕುಗಳಲ್ಲಿ ಬಿಳಿಯಾಗಿ ಕೂತುಬಿಡುತ್ತದೆ.

4. ಕೊಂಬಿನ ಪದರ ಎದ್ದಿದ್ದರೆ ಅಂಟಿಸಿ. ಹಲ್ಲುಕಡ್ಡಿಯ ತುದಿಯಲ್ಲಿ ಮೀನಿನ ಗೋಂದು ತೆಗೆದು ಪದರದ ಒಳಗೆ ಸವರಿ. ಹತ್ತಿಯ ದಾರ ಸುತ್ತಿ ಒಂದು ದಿನ ಬಿಡಿ. ಕ್ಷಣದಲ್ಲಿ ಹಿಡಿಯುವ ಅಂಟು ಬೇಡ. ಸುತ್ತಲೂ ಬಿಳಿ ಪೊರೆ ಬರುತ್ತದೆ, ಬಿಡಿಸುವುದೂ ಕಷ್ಟ. ಮೇಲೆ ತೆಳ್ಳಗೆ ಮೇಣ ಹಚ್ಚಿ ಒರೆಸಿದರೆ ಸಾಕು. ಅಡುಗೆ ಎಣ್ಣೆ ಹಚ್ಚಿದರೆ ಕಮಟು ವಾಸನೆ, ಧೂಳು ಎರಡೂ ಗ್ಯಾರಂಟಿ. ಕೊಂಬು ಬಿಸಿಗೆ ಮೆತ್ತಗಾಗುವುದು ನಿಜ. ಆದರೂ ಹಳೆಯದು ಬಗ್ಗಿದ್ದರೆ ಹಾಗೇ ಇರಲಿ, ನೇರ ಮಾಡಲು ಹೋಗಿ ಮುರಿದವರೇ ಜಾಸ್ತಿ.

5. ಸೆಲ್ಯುಲಾಯ್ಡ್ ಒಳಗೆಲ್ಲ ಬಿರುಕು ಬಿಟ್ಟು ಅಂಟಂಟಾಗಿದ್ದರೆ, ಕಡ್ಡಿಯ ತುದಿಗೆ ಹಾಕಿದ ಬೆಳ್ಳಿಯ ಟೊಪ್ಪಿಗೆಯಲ್ಲಿ ಹಸಿರು ಕಿಲುಬು ಕಂಡರೆ, ರಿಪೇರಿ ಆಸೆ ಬಿಡಿ. ಅದು ಬಿಡುವ ಆಮ್ಲದ ಆವಿ ಪಕ್ಕದ ವಸ್ತುಗಳನ್ನೂ ಹಾಳು ಮಾಡುತ್ತದೆ. ಬೇರೆಯಾಗಿ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಕಡೆ, ಬಿಸಿಲು ಮತ್ತು ಒಲೆಯಿಂದ ದೂರ ಇಡಿ. ಬಿಗಿ ಮುಚ್ಚಳದ ಡಬ್ಬಿಗೆ ಮಾತ್ರ ಹಾಕಬೇಡಿ.

ಇವುಗಳಲ್ಲಿ ಊಟ ಮಾಡುವ ಆಸೆಯೂ ಬೇಡ. ನೂಡಲ್ಸ್‌ಗೆ ಬಿದಿರಿನ ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ.