ಕೆಟ್ಟ ವಾಲ್ವ್ ರೇಡಿಯೋಕ್ಕೆ ಎಷ್ಟು ಕೊಡಬೇಕು: ನನ್ನ ಲೆಕ್ಕ

ಹಾಡುತ್ತಿರುವ ವಾಲ್ವ್ (ಗಾಜಿನ ಕೊಳವೆಯ) ರೇಡಿಯೋ ಸೆಟ್ಟಿಗಿಂತ, ಯಾರೂ ಕೈ ಹಾಕದೆ ಅಟ್ಟ ಸೇರಿದ ಸೆಟ್ಟಿಗೆ ನಾನು ಐದಾರು ನೂರು ಹೆಚ್ಚು ಕೊಡುತ್ತೇನೆ. ಬೆಳಗಾವಿಯ ಹಳೆಯ ರಿಪೇರಿ ಮಂದಿ ಇದನ್ನು ಒಪ್ಪಿರಲಿಲ್ಲ. "ಕೆಟ್ಟದ್ದಕ್ಕ ಗುಜರಿ ರೇಟು, ಹಾಡೂದಕ್ಕ ರೊಕ್ಕ" ಅಂತ ಅವರ ಲೆಕ್ಕ. ಈಗ ಅವರಲ್ಲೇ ಕೆಲವರು ಸೆಟ್ ಕೊಳ್ಳುವ ಮೊದಲು ನನಗೆ ಫೋಟೋ ಕಳಿಸಿ ಕೇಳುತ್ತಾರೆ.

ಹೆಸರು ನೋಡಿ ಬೆಲೆ ಕಟ್ಟಿದರೆ ಕೈ ಸುಡುತ್ತದೆ. ಮರ್ಫಿ ಎಂದರೆ ಎಲ್ಲವೂ ಒಂದೇ ಅಲ್ಲ. ಮರದ ಬಾಡಿಯ ಐದು ವಾಲ್ವಿನ ಸೆಟ್ಟಿಗೂ ನಂತರದ ಪ್ಲಾಸ್ಟಿಕ್ ಬಾಡಿಯ ಟ್ರಾನ್ಸಿಸ್ಟರಿಗೂ ನಾಲ್ಕು ಪಟ್ಟು ವ್ಯತ್ಯಾಸ. ಮೊಬೈಲಿನಲ್ಲಿ 15,000 ತೋರಿಸುವವರಿಗೆ ನನ್ನದೊಂದೇ ಮಾತು: ಅದು ಕೇಳಿದ ರೇಟು, ಮಾರಿದ ರೇಟಲ್ಲ. ಇನ್ನು "ಬಲ್ಬ್ ಹತ್ತತಾವ್ರಿ, ಗುಂಯ್ ಅಂತೈತ್ರಿ, ಸಣ್ಣ ರಿಪೇರಿ ಐತಿ" ಎಂದು ಪ್ಲಗ್ ಹಾಕಿ ತೋರಿಸುವ ಸೆಟ್ ಎಲ್ಲಕ್ಕಿಂತ ದುಬಾರಿ. ಆ ಗುಂಯ್ ಎನ್ನುವುದು ಕರೆಂಟನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರ್ ಒಣಗಿದ ಸದ್ದು. ಸೋರುವ ಕಂಡೆನ್ಸರಿಗೆ ಕರೆಂಟು ಕೊಟ್ಟಷ್ಟೂ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್, ಅದರ ಹಿಂದೆಯೇ ಮೇನ್ಸ್ ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಹೋಗುತ್ತವೆ. ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಇಎಲ್84ರ ಗ್ರಿಡ್ಡಿಗೆ (ದನಿ ಒಳಬರುವ ಕಾಲಿಗೆ) ಬರುವ 0.01 ಮೈಕ್ರೋಫ್ಯಾರಡ್ ಪೇಪರ್ ಕಂಡೆನ್ಸರ್ ಸೋರುತ್ತಿದ್ದರೆ ಹತ್ತು ನಿಮಿಷ ಚಂದ ಹಾಡಿ, ಆಮೇಲೆ ದನಿ ಒಡೆಯುತ್ತದೆ. ಅಷ್ಟರಲ್ಲಿ ವಾಲ್ವಿನ ಆನೋಡ್ ಕೆಂಪಗಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕಟ್ಟಾಗುತ್ತದೆ. ಹಾಗಾಗಿ ವ್ಯವಹಾರ ಮುಗಿಯುವ ತನಕ "ಕಾಕಾ, ಪ್ಲಗ್ ಹಚ್ಚಬ್ಯಾಡ್ರಿ" ಅನ್ನುವುದೇ ನನ್ನ ಮೊದಲ ಮಾತು.

ಲೆಕ್ಕ ಹಿಂದಿನಿಂದ ಮಾಡಬೇಕು. ಮರದ ಬಾಡಿಯ ಐದು ವಾಲ್ವಿನ ಮರ್ಫಿ, ಬುಷ್ ಅಥವಾ ಫಿಲಿಪ್ಸ್ ಪೂರ್ತಿ ರೆಡಿಯಾದ ಮೇಲೆ ನನ್ನ ಕೈಯಿಂದ ಸುಮಾರು 7,000ಕ್ಕೆ ಹೋಗುತ್ತದೆ. ಕಂಡೆನ್ಸರ್, ರೆಸಿಸ್ಟರ್, ವೈರು, ಡಯಲ್ ದಾರ ಸೇರಿ 700. ಒಂದೆರಡು ವಾಲ್ವ್ ಸತ್ತಿರುತ್ತವೆ ಎಂದು 600. ಕೆಲಸದ ಕೂಲಿ 1,500, ಸಾಗಾಟ 300. ಉಳಿಯುವುದು 3,900. ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ, ಯಾಕೆಂದರೆ ಮೂರರಲ್ಲಿ ಒಂದು ಸೆಟ್ ಕೊನೆಗೆ ಬಿಡಿಭಾಗವಾಗಿಯೇ ಮುಗಿಯುತ್ತದೆ. 1,500ರಿಂದ ಮಾತು ಶುರು, 1,950ಕ್ಕೆ ನಿಲ್ಲಿಸುವುದು. ಮುಂದೆ ಹೇಳುವ ಹೆಚ್ಚು ಕಡಿಮೆಯೆಲ್ಲ ಈ ರೇಟಿನ ಮೇಲೆ. ಪೂರ್ತಿ ಕೆಟ್ಟದ್ದೂ ಹಾಡುವುದೂ ಇದೇ ಚೌಕಟ್ಟಿನಲ್ಲಿ ಬರುತ್ತವೆ, ಯಾಕೆಂದರೆ ಹಾಡುವುದರ ಕಂಡೆನ್ಸರುಗಳನ್ನೂ ನಾನು ಹೇಗೂ ಬದಲಿಸುತ್ತೇನೆ.

ಮೊದಲು ಸಿಗದ ವಸ್ತುವಿಗೆ ಬೆಲೆ ಏರಿಳಿಸುತ್ತೇನೆ. ವಾಲ್ವ್ ಸಿಗುತ್ತದೆ, ಬೆಂಗಳೂರಿನ ಬಿಇಎಲ್ ಮಾಡಿದ ವಾಲ್ವುಗಳು ಹಳೆಯ ಅಂಗಡಿಗಳ ಡ್ರಾಯರಿನಲ್ಲಿ ಇನ್ನೂ ಇವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸಲು 450, ಮೇನ್ಸಿನದಕ್ಕೆ ಸಾವಿರದ ಆಸುಪಾಸು. ಆದರೆ ಡಯಲ್ ಗ್ಲಾಸ್ ಒಡೆದಿದ್ದರೆ ಆ ಸೆಟ್ ನನಗೆ ಬಿಡಿಭಾಗ, 500ರ ಮೇಲೆ ಒಂದು ಪೈಸೆ ಇಲ್ಲ. ಗ್ಲಾಸಿದ್ದು ಅಕ್ಷರ ಉದುರುತ್ತಿದ್ದರೆ ಒದ್ದೆ ಬಟ್ಟೆ ತಾಗಿಸಲೇಬೇಡಿ, ಒರೆಸಿದರೆ ಊರುಗಳ ಹೆಸರೆಲ್ಲ ಬಟ್ಟೆಗೆ ಬರುತ್ತವೆ. ಅವನ್ನು ಹಿಡಿದು ನಿಲ್ಲಿಸಲು ನಾನು ಹಚ್ಚುವುದು ಏನೆಂದು ಇಲ್ಲಿ ಹೇಳುವುದಿಲ್ಲ, ಆ ಒಂದು ಕೆಲಸವೇ ನನಗೆ ಊಟ ಹಾಕುತ್ತದೆ. ಒಂದು ನಾಬ್ ಇಲ್ಲದಿದ್ದರೂ 500 ಕಡಿಮೆ ಮಾಡಿ, ಜೋಡಿ ಹೊಂದುವ ನಾಬ್ ಹುಡುಕುವುದು ವಾಲ್ವ್ ಹುಡುಕುವುದಕ್ಕಿಂತ ಕಷ್ಟ. ಸ್ಟೇಷನ್ ಸರಿ ಕೂತದ್ದನ್ನು ಬೆಳಕಿನಲ್ಲಿ ತೋರುವ ಮ್ಯಾಜಿಕ್ ಐಗೆ ನಾನು ಕೊಡುವ ಬೆಲೆ ಸೊನ್ನೆ. ಕರೆಂಟಿಲ್ಲದೆ ಅದರ ಬೆಳಕು ಗೊತ್ತಾಗುವುದಿಲ್ಲ, ಹಳೆಯವು ಹೆಚ್ಚಾಗಿ ಮಬ್ಬಾಗಿರುತ್ತವೆ.

ಓಮ್ ಅಳೆಯುವ ಮೀಟರ್ ಒಂದಿದ್ದರೆ ಹಿಂದಿನ ರಟ್ಟು ಬಿಚ್ಚಿ ಹತ್ತು ನಿಮಿಷದಲ್ಲಿ ಬೆಲೆ ಗೊತ್ತಾಗುತ್ತದೆ. ಪ್ಲಗ್ ಗೋಡೆಯಿಂದ ಹೊರಗಿರುವಾಗಲೇ ಸೆಟ್ಟಿನ ಸ್ವಿಚ್ ಆನ್ ಮಾಡಿ ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಹಿಡಿಯಿರಿ. ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ 30ರಿಂದ 60 ಓಮ್ ಬಂದರೆ ಪ್ರೈಮರಿ ಕಟ್ಟಾಗಿಲ್ಲ. ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85 ಇರುವ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಾದರೆ ಈ ಒಂದೇ ಅಳತೆ ಸರಣಿಯಲ್ಲಿ ಕೂಡಿಸಿದ ನಾಲ್ಕೂ ವಾಲ್ವುಗಳ ಹೀಟರುಗಳ (ಒಳಗೆ ಕಾಯುವ ತಂತಿಗಳ) ಜಾತಕ ಹೇಳುತ್ತದೆ. ಅವು 19, 19, 50, 38 ವೋಲ್ಟಿನವು, ಒಟ್ಟು 126. ಉಳಿದ ನೂರು ಚಿಲ್ಲರೆ ವೋಲ್ಟನ್ನು 100 ಮಿಲಿ ಆಂಪಿಯರಿನಲ್ಲಿ ಇಳಿಸಲು ಸಾವಿರ ಓಮಿನ ಡ್ರಾಪರ್ ರೆಸಿಸ್ಟರ್. ತಣ್ಣಗಿರುವ ಹೀಟರ್ ಬಿಸಿಯದರ ಆರೇಳನೇ ಒಂದು ಪಾಲಷ್ಟೇ ತೋರುತ್ತದೆ, ಆದ್ದರಿಂದ ಸುಮಾರು 1,200 ಓಮ್ ಬರಬೇಕು. ಸರಣಿಯಲ್ಲಿ ಥರ್ಮಿಸ್ಟರ್ (ತಣ್ಣಗಿರುವಾಗ ಹೆಚ್ಚು ಓಮ್ ತೋರುವ ರೆಸಿಸ್ಟರ್) ಇದ್ದರೆ ಕೆಲವು ಸಾವಿರ ಹೆಚ್ಚು. ಏನೂ ಬರದಿದ್ದರೆ ಯಾವುದೋ ಹೀಟರ್ ಅಥವಾ ಡ್ರಾಪರ್ ಹೋಗಿದೆ, 400 ಇಳಿಸಿ.

ಆಮೇಲೆ ಇಎಲ್84 ಕಿತ್ತು ಸಾಕೆಟ್ಟಿನ 7 ಮತ್ತು 9ನೇ ತೂತುಗಳಲ್ಲಿ ಮೀಟರ್ ಇಡಿ. 300ರಿಂದ 700 ಓಮ್ ಬಂದರೆ ಔಟ್‌ಪುಟ್ ಪ್ರೈಮರಿ ಬದುಕಿದೆ. ಸ್ಕ್ರೀನಿಗೆ (9ನೇ ತೂತಿಗೆ) ಬೇರೆ ರೆಸಿಸ್ಟರ್ ಇದ್ದರೆ ಅದನ್ನು ಕಳೆದು ನೋಡಿ. ಸ್ಪೀಕರ್ ಕೋನನ್ನು ಸುತ್ತ ಬೆರಳಿಟ್ಟು ಸಮನಾಗಿ ಒತ್ತಿದಾಗ ಕರಕರ ಅಂದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ. ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರ್ ತಿರುಗಿಸಿ ಪ್ಲೇಟು ತಾಗುತ್ತವೆಯೇ ನೋಡಿ. ಕಡೆಗೆ ಐಎಫ್‌ಟಿ (ಸ್ಟೇಷನ್ನುಗಳನ್ನು ಬೇರ್ಪಡಿಸುವ ಕಾಯಿಲ್) ಡಬ್ಬಿಗಳ ತಲೆ ಮೇಲೆ ಬ್ಯಾಟರಿ ಬೆಳಕು ಬಿಡಿ. ಕಾರ್ಖಾನೆಯಲ್ಲಿ ಹಾಕಿದ ಮೇಣ ಹಾಗೇ ಇದೆಯೇ? ಮೇಲೆ ಹೇಳಿದ ಐದಾರು ನೂರು ನಾನು ಕೊಡುವುದು ಈ ಮೇಣಕ್ಕೆ. ಮೇಣ ಒಡೆದು ಕೋರಿನ (ಟ್ಯೂನ್ ಮಾಡುವ ತಿರುಪಿನ) ಗೀರು ಹರಿದಿದ್ದರೆ, ಯಾರೋ ಸ್ಕ್ರೂಡ್ರೈವರಿನಿಂದ ತಿರುವಿ ದನಿ ಹೆಚ್ಚಿಸಲು ನೋಡಿದ್ದಾರೆ ಎಂದರ್ಥ. ಕೋರ್ ಒಡೆದು ಒಳಗೆ ಸಿಕ್ಕಿಕೊಂಡರೆ ಅಲೈನ್‌ಮೆಂಟ್ ಕೂರುವುದೇ ಇಲ್ಲ.

ಸೆಟ್ ಎಲ್ಲಿಂದ ಬಂತು ಎಂಬುದಕ್ಕೂ ರೊಕ್ಕ ಇದೆ. ಬೆಳಗಾವಿ, ಖಾನಾಪುರ ಕಡೆಯ ಮಳೆಗೆ ಕಾಯಿಲಿನ ಕೂದಲೆಳೆ ತಂತಿ ಹಸಿರು ಹಿಡಿದು ತುಂಡಾಗುತ್ತದೆ, ಟ್ರಾನ್ಸ್‌ಫಾರ್ಮರಿನ ಕಾಗದ ತೇವ ಕುಡಿದಿರುತ್ತದೆ. ವಿಜಯಪುರ, ಇಂಡಿ, ಸಿಂದಗಿಯ ಸೆಟ್ಟುಗಳಲ್ಲಿ ಕಾಯಿಲ್ ಹೊಸದರಂತೆ ಇರುತ್ತದೆ, ಆದರೆ ಬಿಸಿಲಿಗೆ ಸರೇಸು ಒಣಗಿ ಬಾಡಿಯ ವಿನಿಯರ್ ಎದ್ದಿರುತ್ತದೆ. ನಾನು ವಿಜಯಪುರದ್ದಕ್ಕೆ 300 ಹೆಚ್ಚು ಕೊಡುತ್ತೇನೆ. ವಿನಿಯರನ್ನು ಫೆವಿಕಾಲ್ ಹಾಕಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ, ಚಪಡಾ ಪಾಲಿಶ್ ಹೊಡೆದರೆ ಮುಗಿಯಿತು. ಹಸಿರು ಹಿಡಿದ ಕಾಯಿಲಿಗೆ ಅಂಥ ಮದ್ದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರ ಸೆಟ್ಟುಗಳು ಎಷ್ಟೋ ವರ್ಷ ಗೋಣಿಚೀಲದಲ್ಲೇ ಇದ್ದವು. ಇಲಿ ವೈರು ಕಡಿದಿರುತ್ತದೆ, ಆದರೆ ರಿಪೇರಿಯವರ ಕೈ ಬಿದ್ದಿರುವುದಿಲ್ಲ. ನನಗೆ ಅವು ಬಲು ಪ್ರೀತಿ.

ಹಳ್ಳಿಯ ಸೆಟ್ಟಾದರೆ ಹಿಂದಿನ ವೋಲ್ಟೇಜ್ ಸೆಲೆಕ್ಟರ್ ತಪ್ಪದೆ ನೋಡಿ. ಪಂಪುಸೆಟ್ ಓಡುವಾಗ ಕರೆಂಟು ಕುಗ್ಗುತ್ತದೆಂದು 200 ವೋಲ್ಟಿನ ಟ್ಯಾಪಿಗೆ ಹಾಕಿ ಹಾಗೇ ಬಿಟ್ಟಿರುತ್ತಾರೆ. ರಾತ್ರಿ 240 ಬಂದಾಗ ಟ್ರಾನ್ಸ್‌ಫಾರ್ಮರ್ ಬೆಂದಿರುತ್ತದೆ. ಮೂಗು ಹತ್ತಿರ ಒಯ್ದರೆ ಸುಟ್ಟ ವಾರ್ನಿಶ್ ವಾಸನೆ ಬರುತ್ತದೆ. ಬಂದರೆ ಮೀಟರ್ ಏನೇ ಹೇಳಲಿ, ಸಾವಿರ ಕಡಿಮೆ.

ತೇವ ಕುಡಿದವುಗಳ ಮೇಲೆ ಒಂದು ಪ್ರಯೋಗ ಮಾಡಿದ್ದೆ. ಚಾಸಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಮೂಲೆಯಲ್ಲಿ 60 ವಾಟಿನ ಬಲ್ಬ್ ಉರಿಸಿ ಎರಡು ರಾತ್ರಿ ಬಿಟ್ಟರೆ, ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರಿನಲ್ಲಿ ಒಂದು ಮೆಗಾಓಮ್ ತೋರುತ್ತಿದ್ದ ಪ್ರೈಮರಿ ಇಪ್ಪತ್ತು ದಾಟಿತು. ಮೇನ್ಸಿಗೆ ಅಡ್ಡ ಹಾಕಿದ ಕಂಡೆನ್ಸರ್ ಇದ್ದರೆ ಮೊದಲು ಬಿಚ್ಚಿರಿ. ಇದಾದ ಮೇಲೆ ಖಾನಾಪುರದ ಸೆಟ್ಟುಗಳನ್ನೂ ಬಿಡುತ್ತಿಲ್ಲ, ರೇಟು ಮಾತ್ರ ಕೆಳಗೇ ಹಿಡಿಯುತ್ತೇನೆ.

ಕರೆಂಟು ಬರುವ ಮುಂಚಿನ ಬ್ಯಾಟರಿ ವಾಲ್ವ್ ಸೆಟ್ಟುಗಳದು ಬೇರೆ ಲೆಕ್ಕ. ಡಿಕೆ96, ಡಿಎಫ್96, ಡಿಎಎಫ್96 ವಾಲ್ವುಗಳ ಫಿಲಮೆಂಟ್ (ಒಳಗಿನ ತಂತಿ) 25 ಮಿಲಿ ಆಂಪಿಯರಿನದು. ಹಳೆಯ ಮುಳ್ಳಿನ ಮೀಟರಿನ ಕಡಿಮೆ ಓಮ್ ರೇಂಜಿನಲ್ಲಿ ಪರೀಕ್ಷಿಸಿದರೆ ಆ ಪರೀಕ್ಷೆಯಲ್ಲೇ ಸಾಯಬಹುದು. ಡಿಜಿಟಲ್ ಮೀಟರಿನಲ್ಲಿ 1 ಮತ್ತು 7ನೇ ಪಿನ್ ನೋಡಿ. ಔಟ್‌ಪುಟ್ ವಾಲ್ವ್ ಡಿಎಲ್96 ಸೇರಿ ನಾಲ್ಕೂ ಬದುಕಿದ್ದರೆ 1,200 ಕೊಡಬಹುದು, ಒಂದು ಹೋಗಿದ್ದರೂ 400. ಈ ಸೆಟ್ಟುಗಳಿಗೆ ಬೇಕಾದ 90 ವೋಲ್ಟಿಗೆ ಸಣ್ಣ ಕನ್ವರ್ಟರ್ ಹಾಕಿದರೆ ಮೀಡಿಯಂ ವೇವ್ ತುಂಬ ಗೊರಗೊರ. ಹತ್ತು 9 ವೋಲ್ಟ್ ಸೆಲ್ ಸರಣಿಯಲ್ಲಿ ಹಾಕಿದಾಗ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್, ಅಂದರೆ ಹಳೆಯ ಡಯಲ್ ಮೇಲೆ 392 ಮೀಟರ್, ಶುದ್ಧವಾಗಿ ಬರುತ್ತದೆ. ಮಾರುವಾಗ ಸೆಲ್ಲಿನ ರೊಕ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಎಎಫ್117 ಎಂಬ ಟ್ರಾನ್ಸಿಸ್ಟರ್ ಕಂಡರೆ, ಸತ್ತಿದೆ ಎಂದು ಹೇಳಿ 200ಕ್ಕೆ ತನ್ನಿ. ಒಳಗೆ ತವರದ ಎಳೆ ಬೆಳೆದು ಡಬ್ಬಿಗೆ ತಾಗಿರುತ್ತದೆ. ನಾಲ್ಕು ಕಾಲುಗಳಲ್ಲಿ ಡಬ್ಬಿಗೆ ಸೇರಿದ ಶೀಲ್ಡ್ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಹಾಡುತ್ತದೆ.