ವೆಬ್ ಕೆಲಸದವರ ಆನ್‌ಲೈನ್ ಬಳಗ ಕಟ್ಟುವುದು ಹೇಗೆ?

'ಕರ್ನಾಟಕ ವೆಬ್ ಡೆವಲಪರ್ಸ್' ಅಂತ ಯಾರೋ ಒಂದು ಗುಂಪು ಶುರು ಮಾಡುತ್ತಾರೆ. ಎರಡು ದಿನಕ್ಕೆ ಮುನ್ನೂರು ಜನ. ಎಲ್ಲರೂ ಕೈಮುಗಿಯುವ ಇಮೋಜಿ ಹಾಕುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಉಳಿಯುವುದು ಗುಡ್ ಮಾರ್ನಿಂಗ್ ಚಿತ್ರ, ಕೋರ್ಸ್ ಮಾರುವವರ ಲಿಂಕ್ ಮತ್ತು ಯಾರೂ ಉತ್ತರಿಸದ ನಾಲ್ಕು ಪ್ರಶ್ನೆ. ಇಂಥ ಗುಂಪನ್ನು ನೀವೂ ಮ್ಯೂಟ್ ಮಾಡಿಟ್ಟಿರುತ್ತೀರಿ, ಅಲ್ವಾ? ಜನ ಸೇರಿಸುವುದು ಸುಲಭ. ಕೇಳಿದವರಿಗೆ ಉತ್ತರ ಸಿಗುವಂತೆ ನೋಡಿಕೊಳ್ಳುವಲ್ಲೇ ಎಲ್ಲರೂ ಎಡವುತ್ತಾರೆ.

1. ಯಾರಿಗಾಗಿ?

'ಐಟಿಯವರೆಲ್ಲ ಬನ್ನಿ' ಬೇಡ. 'ಕನ್ನಡದ ವೆಬ್‌ಸೈಟ್ ಮಾಡುವವರು', 'ಹುಬ್ಬಳ್ಳಿ-ಧಾರವಾಡದ ಫ್ರೀಲಾನ್ಸ್ ಡಿಸೈನರ್‌ಗಳು' – ಇಷ್ಟು ಚಿಕ್ಕದಾಗಿರಲಿ.

2. ಎಲ್ಲಿ?

ವಾಟ್ಸ್ಆ್ಯಪ್ ಬೇಡ. 1,024 ಜನರ ಮಿತಿ ಸಣ್ಣ ತೊಂದರೆ ಬಿಡಿ. ಫೋನ್ ನಂಬರ್ ಗುಂಪಿನವರಿಗೆಲ್ಲ ಕಾಣುತ್ತದೆ ಅಂತ ಎಷ್ಟೋ ಹೆಣ್ಣುಮಕ್ಕಳು ಸೇರುವುದೇ ಇಲ್ಲ. ಬೆಳಿಗ್ಗೆ ಬಂದ ಒಳ್ಳೆ ಉತ್ತರ ಸಂಜೆಯೊಳಗೆ ಹರಟೆಯಲ್ಲಿ ಹೂತುಹೋಗಿರುತ್ತದೆ. ಆಫೀಸುಗಳಲ್ಲಿ ಬಳಸುವ ಚಾಟ್ ಆ್ಯಪ್ ಸ್ಲ್ಯಾಕ್ ಚೆಂದ, ಆದರೆ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೆಯದು ಕಾಣುವುದಿಲ್ಲ. ಡಿಸ್ಕಾರ್ಡ್ ತೆಗೆದುಕೊಳ್ಳಿ, ಈ ಚಾಟ್ ಆ್ಯಪ್‌ನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲ್ ಮಾಡಬಹುದು. ಪ್ರಶ್ನೆ, ಕೆಲಸ, ಹರಟೆ – ಮೂರೇ ಚಾನೆಲ್ ಸಾಕು. ಇಪ್ಪತ್ತು ತೆರೆದರೆ ಇಪ್ಪತ್ತೂ ಭಣಗುಡುತ್ತವೆ.

3. ಮೊದಲ ಎರಡು ತಿಂಗಳು

ಇಲ್ಲಿ ಅವಸರ ಬೇಡ. ಲಿಂಕನ್ನು ಕಂಡಲ್ಲೆಲ್ಲ ಹಂಚಬೇಡಿ. ಇಪ್ಪತ್ತು ಜನರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯಿರಿ. ಅವರಲ್ಲಿ ಐದಾರು ಮಂದಿ ಪಳಗಿದವರಿರಲಿ: ವರ್ಡ್‌ಪ್ರೆಸ್ ಬಲ್ಲವರೊಬ್ಬರು, ಹೋಸ್ಟಿಂಗ್ ಬಲ್ಲವರೊಬ್ಬರು, ಡಿಸೈನರ್ ಒಬ್ಬರು. ಬಂದ ಪ್ರಶ್ನೆಗೆ ಅದೇ ದಿನ ಏನಾದರೂ ಹೇಳುತ್ತೇವೆ ಅಂತ ಅವರಿಂದ ಮಾತು ತೆಗೆದುಕೊಳ್ಳಿ. 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಅಂದರೂ ಸರಿ. ಆನ್‌ಲೈನ್ ಬಳಗಗಳಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಹೆಚ್ಚಿನದನ್ನೆಲ್ಲ ಬರೆಯುವುದು ಒಬ್ಬರೇ ಎಂದು ವೆಬ್ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ 2006ರಲ್ಲೇ ಹೇಳಿದ್ದರು. ಆ ಒಬ್ಬರನ್ನು ಮೊದಲೇ ಹುಡುಕಿಟ್ಟುಕೊಂಡಿರಬೇಕು.

ಹೆಚ್ಚಿನ ಪ್ರಶ್ನೆಗಳು ಬರುವುದು ಹೀಗೆ: 'ಸರ್, ಸೈಟ್ ಸರಿ ಕಾಣ್ತಿಲ್ಲ, ಹೆಲ್ಪ್ ಮಾಡಿ.' ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಕೇಳಿದವರು ಮತ್ತೆ ಬರುವುದಿಲ್ಲ. ಗದರಬೇಡಿ, ತಿರುಗಿ ಕೇಳಿ. ಯಾವ ಬ್ರೌಸರ್? ಮೊಬೈಲಾ, ಕಂಪ್ಯೂಟರಾ? ಸ್ಕ್ರೀನ್‌ಶಾಟ್ ಹಾಕ್ತೀರಾ? ಚಿತ್ರ ಬರುತ್ತದೆ. 'ಒಟ್ಟು ಮೊತ್ತ' ಅಂತ ಬರೆದ ಬಟನ್‌ನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿದೆ. ನೋಡಿದ ಕೂಡಲೇ ಒಬ್ಬರಿಗೆ ಹೊಳೆಯುತ್ತದೆ: ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಇಂಗ್ಲಿಷ್ ಅಕ್ಷರದ ಅಳತೆಗಿದೆ, ಜೊತೆಗೆ ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಬೇರೆ. ಲೈನ್-ಹೈಟ್ 1.6ಕ್ಕೆ ಏರಿಸಿ, ಬಟನ್‌ಗೆ ಕೊಟ್ಟ ಪಿಕ್ಸೆಲ್ ಎತ್ತರ ತೆಗೆದರೆ ಮುಗಿಯಿತು.

ಆದರೆ ನಿಮ್ಮ ಕೆಲಸ ಮುಗಿದಿಲ್ಲ. ಯಾವುದರಿಂದ ಸರಿಹೋಯಿತು ಅಂತ ಕೇಳಿದವರಿಂದಲೇ ಎರಡು ಸಾಲು ಬರೆಸಿ, ಪಿನ್ ಮಾಡಿ. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ಸೈಟಿಗೆ ಹಾಕಿದರೆ ಅಕ್ಷರವೆಲ್ಲ ಕಲಸುಮೇಲೋಗರ ಅನ್ನುವ ದೂರು ಬಂದೇ ಬರುತ್ತದೆ. ಮೊದಲು ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಬೇಕು ಅನ್ನುವ ಉತ್ತರವನ್ನೂ ಹಾಗೇ ಎತ್ತಿಡಿ. ಮುಂದಿನ ಸಲ ಅದನ್ನೇ ಕೇಳಿದವರಿಗೆ ಆ ಲಿಂಕ್ ಕೊಡಿ. 'ಗೂಗಲ್ ಮಾಡಿ' ಅನ್ನುವವರು ಇದ್ದೇ ಇರುತ್ತಾರೆ, ಅವರಿಗೆ ಪಕ್ಕಕ್ಕೆ ಕರೆದು ಹೇಳಿ.

ಪ್ರಶ್ನೆಯೇ ಬರದಿದ್ದರೆ? ನಿಮ್ಮದೇ ನಿಜವಾದ ತೊಡಕು ಕೇಳಿ. ನಕಲಿ ಖಾತೆ ಮಾಡಿ ನೀವೇ ಕೇಳಿ ನೀವೇ ಉತ್ತರಿಸಬೇಡಿ, ಸಿಕ್ಕಿಬೀಳುತ್ತೀರಿ. ಚಾಟ್‌ಜಿಪಿಟಿ ಉತ್ತರ ತಂದು ಸುಮ್ನೆ ಅಂಟಿಸುವುದೂ ಬೇಡ. ನೋಡಲು ಸರಿಯಿದ್ದು ಒಳಗೆ ತಪ್ಪಿರುವುದು ಜಾಸ್ತಿ ಅಂತಲೇ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲಿ ಅದನ್ನು ನಿಷೇಧಿಸಿತು. ಪರೀಕ್ಷಿಸಿ ನೋಡಿದ್ದರೆ ಮಾತ್ರ ಹಾಕಲಿ.

4. ನಿಯಮ

ಐದು ಸಾಲು ಮೀರದಿರಲಿ. ಕೋರ್ಸ್ ಲಿಂಕ್ ಕಂಡರೆ ಡಿಲೀಟ್. ಕೆಲಸ ಇದೆ ಅನ್ನುವವರು ದುಡ್ಡು ಎಷ್ಟು ಅಂತ ಬರೆಯಲೇಬೇಕು. 'ಈಗ ಫ್ರೀಯಾಗಿ ಮಾಡಿಕೊಡಿ, ಮುಂದೆ ದೊಡ್ಡ ಪ್ರಾಜೆಕ್ಟ್ ಇದೆ' ಅನ್ನುವವರಿಗೆ ಜಾಗವಿಲ್ಲ. ಮೆಸೇಜ್ ಹಾಕಿದವರಿಗೆ ತಾನಾಗಿ ಪಾಯಿಂಟ್, ಲೆವೆಲ್ ಹಂಚುವ ಬಾಟ್ ಹಾಕಲೇಬೇಡಿ. ಪಾಯಿಂಟಿನ ಆಸೆಗೆ ಜನ ದಿನವಿಡೀ 'ಸೂಪರ್', 'ಹೌದು ಹೌದು' ಟೈಪ್ ಮಾಡುತ್ತಾ ಕೂರುತ್ತಾರೆ.

5. ವಾರಕ್ಕೊಮ್ಮೆ ಮಾತು

ಗುರುವಾರ ರಾತ್ರಿ ಒಂಬತ್ತಕ್ಕೆ, ವಾಯ್ಸ್ ಚಾನೆಲ್‌ನಲ್ಲಿ, ಅರ್ಧ ಗಂಟೆ. ಒಬ್ಬರು ತಮ್ಮ ಕೆಲಸ ತೋರಿಸಲಿ, ಅರ್ಧಂಬರ್ಧ ಆಗಿದ್ದರೂ ಪರವಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಆಗ ಬೆಳಿಗ್ಗೆ, ಕಾಫಿ ಕುಡಿಯುತ್ತಾ ಸೇರಿಕೊಳ್ಳಬಹುದು. ಭಾನುವಾರ ಇಟ್ಟರೆ ಯಾರೂ ಬರುವುದಿಲ್ಲ.

6. ಕೀಲಿ ಕೈ

ಡಿಸ್ಕಾರ್ಡ್ ಸರ್ವರ್‌ಗೆ, ಅಂದರೆ ನಿಮ್ಮ ಗುಂಪಿಗೆ, ಓನರ್ ಒಬ್ಬರೇ. ಇನ್ನಿಬ್ಬರಿಗೆ ಅಡ್ಮಿನ್ ಅಧಿಕಾರ ಕೊಟ್ಟಿರಿ. ಓನರ್ ಖಾತೆಗೆ ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಊರು, ಕೆಲಸ ಬದಲಾಗಿ ನಿಮಗೆ ಪುರುಸೊತ್ತಿಲ್ಲದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಓನರ್‌ಶಿಪ್ ಬೇರೆಯವರಿಗೆ ವರ್ಗಾಯಿಸಿ.